ಬೇಸಿಗೆಯ ಬಿಡುವು ಯಾರದು?

ಕಳೆದ ವರ್ಷ ಮಾರ್ಚ್ ತಿಂಗಳ ಒಂದು ಭಾನುವಾರ, ಮುಂಬರುವ ಬೇಸಿಗೆ ರಜೆಯ ಬಗ್ಗೆ ಪ್ರಬೋಧನೆಯಲ್ಲಿ ಎರಡು ಮಾತು ಹೇಳಿದೆ. ಮಕ್ಕಳಿಗೆ ಅಂಗಡಿಯ ಪೊಟ್ಟಣಗಳನ್ನು ತಂದುಕೊಡುವ ಬದಲು ಮನೆಯಲ್ಲೇ ಸಂಡಿಗೆ, ಹಪ್ಪಳ, ಪಾನಕ, ಹುರಿಹಿಟ್ಟು ಮಾಡಿರಿ; ಮೊಬೈಲನ್ನು ಬದಿಗಿಟ್ಟು ಕೈಗೆ ಕೆಲಸ ಕೊಡುವ ಹವ್ಯಾಸಗಳನ್ನು ಕಲಿಸಿರಿ ಎಂದೆ. ಜನರು ತಲೆದೂಗಿದರು. ಬಲಿಪೂಜೆ ಮುಗಿದ ಮೇಲೆ ತಾಯಿಯೊಬ್ಬರು ಬಾಗಿಲ ಬಳಿ ನಿಂತಿದ್ದರು. ಹಾಸನದ ಗಾರ್ಮೆಂಟ್ಸ್ ಒಂದರಲ್ಲಿ ವಾರಕ್ಕೆ ಆರು ದಿನ ದುಡಿಯುವವರು. "ಚೆನ್ನಾಗಿ ಹೇಳಿದ್ರಿ ಸ್ವಾಮಿ. ಆದ್ರೆ ಮಾಡೋರು ಯಾರು ಅಂತ ಹೇಳ್ಲಿಲ್ಲವಲ್ಲ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನಲ್ಲಿ ಉತ್ತರವಿರಲಿಲ್ಲ.

ನಾನು ಬೆಳೆದದ್ದು ಅರಕಲಗೂಡು ಕಡೆಯ ಹಳ್ಳಿಯಲ್ಲಿ. ಬೇಸಿಗೆಯೆಂದರೆ ನನಗೆ ಇಂದಿಗೂ ಸಂಡಿಗೆಯ ನೆನಪು. ಅಕ್ಕಿಯನ್ನು ಮೂರು ದಿನ ನೆನೆಹಾಕಿ, ದಿನವೂ ನೀರು ಬದಲಿಸಿ, ಒರಳಿನಲ್ಲಿ ನುಣ್ಣಗೆ ರುಬ್ಬಬೇಕು. ಉಪ್ಪು, ಇಂಗು, ಹಸಿಮೆಣಸಿನಕಾಯಿ ಸೇರಿಸಿ, ಗಂಟು ಕಟ್ಟದಂತೆ ತಿರುವುತ್ತಲೇ ಗಟ್ಟಿ ಗಂಜಿಯಾಗಿ ಬೇಯಿಸಬೇಕು. ಬಿಸಿಲೇರುವ ಮೊದಲೇ ಒದ್ದೆ ಪಂಚೆಯ ಮೇಲೆ ಸಾಲುಸಾಲಾಗಿ ಹಾಕಿ ಮುಗಿಸಬೇಕು. ಮಾರನೆಯ ದಿನ ಪಂಚೆಯ ಹಿಂಬದಿಗೆ ನೀರು ಚಿಮುಕಿಸಿ ಬಿಡಿಸಿ, ತಿರುವಿಹಾಕಿ, ಗಲಗಲ ಸದ್ದು ಬರುವವರೆಗೆ ಒಣಗಿಸಬೇಕು. ಇದಕ್ಕೆ ದೊರೆಯುವ ಕಾಲಾವಕಾಶವೂ ಚಿಕ್ಕದು. ನಮ್ಮ ಸೀಮೆಯಲ್ಲಿ ಏಪ್ರಿಲ್ ನಡುವಿನಿಂದ ಅಶ್ವಿನಿ, ಅದರ ಹಿಂದೆಯೇ ಭರಣಿ ಮಳೆ. ಮಧ್ಯಾಹ್ನದವರೆಗೆ ಸುಡುವ ಬಿಸಿಲು, ಸಂಜೆಗೆ ಗುಡುಗು. ಆ ಮಳೆ ಬಿದ್ದರೆ ಹೊಲದ ಕೆಲಸ ಮೊದಲಾಗುತ್ತದೆ, ಆಲೂಗೆಡ್ಡೆ ಬಿತ್ತನೆಗೆ ನೆಲ ಹದಮಾಡಬೇಕು. ಅಷ್ಟರೊಳಗೆ ವರ್ಷಕ್ಕಾಗುವಷ್ಟು ಸಂಡಿಗೆ ಡಬ್ಬಿ ಸೇರಬೇಕಿತ್ತು.

ಮಕ್ಕಳಾದ ನಮಗೆ ಕಾಗೆ ಕಾಯುವ ಕೆಲಸ. ಹರಿದ ಕೊಡೆಯೊಂದನ್ನು ಬಿಚ್ಚಿಟ್ಟು, ಅದರ ನೆರಳಲ್ಲಿ ಚೌಕಾಬಾರದ ಮನೆ ಬರೆದು, ಕಾಗೆಗಿಂತ ಹೆಚ್ಚಾಗಿ ನಾವೇ ಅರೆಬರೆ ಒಣಗಿದ ಸಂಡಿಗೆಯನ್ನು ಕಿತ್ತು ತಿನ್ನುತ್ತಿದ್ದೆವು. ಆ ದಿನಗಳನ್ನು ನಾನು ಪ್ರಬೋಧನೆಗಳಲ್ಲಿ ಹಬ್ಬವೆಂದೇ ಬಣ್ಣಿಸಿದ್ದೇನೆ. ಗುರುವಾಗಿ ಎಷ್ಟೋ ವರ್ಷಗಳಾದ ಮೇಲೆ ಒಮ್ಮೆ ನಮ್ಮ ತಾಯಿಯನ್ನು ಕೇಳಿದೆ: "ಸಂಡಿಗೆ ಹಾಕ್ತಿದ್ದ ದಿನ ನೆನಪಿದೆಯೇನಮ್ಮ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಲೆ ಹೊಗೆ ನೆನಪಿದೆ ಕಣಪ್ಪ" ಎಂದರು. ಮೆಣಸಿನಕಾಯಿ ರುಬ್ಬಿದ ಕೈ ರಾತ್ರಿಯೆಲ್ಲ ಉರಿಯುತ್ತಿದ್ದುದನ್ನೂ ಹೇಳಿದರು. ಒಂದೇ ಮನೆ, ಒಂದೇ ಬಿಸಿಲು. ನಮಗೆ ಉಳಿದದ್ದು ರುಚಿ, ಅವರಿಗೆ ಉಳಿದದ್ದು ಹೊಗೆ.

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಅರಿಸ್ಟಾಟಲನ ವಿಚಾರವೊಂದು ನನಗೆ ಬಹಳ ಹಿಡಿಸಿತ್ತು. ದುಡಿಮೆ ಬಿಡುವಿಗಾಗಿ ಇದೆ, ಬಿಡುವು ಮತ್ತೆ ದುಡಿಯುವುದಕ್ಕಾಗಿ ಅಲ್ಲ ಎಂಬುದು ಅವನ ಮತ. ಗ್ರೀಕರು ಬಿಡುವನ್ನು 'ಸ್ಕೊಲೆ' ಎಂದು ಕರೆದರು. ಇಂದಿನ 'ಸ್ಕೂಲ್' ಎಂಬ ಪದ ಹುಟ್ಟಿದ್ದು ಅಲ್ಲಿಂದಲೇ. ಬಿಡುವಿನಿಂದ ಶಾಲೆಯ ಹೆಸರು ಬಂದಿತು. ನಾವಾದರೋ ರಜೆಯನ್ನೂ ಶಾಲೆಯನ್ನಾಗಿ ಮಾಡಿ, ಮಕ್ಕಳನ್ನು ಟ್ಯೂಷನ್ನಿಗೂ ಬೇಸಿಗೆ ಶಿಬಿರಕ್ಕೂ ಅಟ್ಟುತ್ತಿದ್ದೇವೆ ಎಂದು ನಾನು ಹಲವೆಡೆ ಹೇಳಿರುವುದುಂಟು. ಆದರೆ ಅದೇ ಅರಿಸ್ಟಾಟಲ್ ಬರೆದ ಇನ್ನೊಂದು ವಿಚಾರವನ್ನು ನಾನು ಪರೀಕ್ಷೆಗೆಂದು ಓದಿ ಮರೆತಿದ್ದೆ. ಮಗ್ಗದ ಲಾಳಿ ತಾನಾಗಿಯೇ ನೇಯುವಂತಿದ್ದರೆ ಒಡೆಯರಿಗೆ ಗುಲಾಮರು ಬೇಕಾಗುತ್ತಿರಲಿಲ್ಲ ಎನ್ನುತ್ತಾನೆ ಅವನು. ಅಂದರೆ ಅಥೆನ್ಸಿನ ಗೃಹಸ್ಥನು ಕುಳಿತು ಚಿಂತಿಸಿದ ಆ ಬಿಡುವನ್ನು ಹೊಂದಿಸಿಕೊಟ್ಟವರು ಬಿಡುವಿಲ್ಲದೆ ದುಡಿದ ಗುಲಾಮರು ಮತ್ತು ಹೆಂಗಸರು.

ಇಂದು ನಮ್ಮ ಮನೆಗಳಲ್ಲಿ ಒರಳಿನ ಬದಲು ಗ್ರೈಂಡರ್ ಇದೆ, ಸೌದೆಯ ಬದಲು ಗ್ಯಾಸ್ ಇದೆ. ಲಾಳಿ ಹೆಚ್ಚುಕಡಿಮೆ ತಾನಾಗಿಯೇ ನೇಯುತ್ತಿದೆ. ಆದರೂ 2019ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆಯ ಸಮೀಕ್ಷೆಯನ್ನು ನೋಡಿರಿ. ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ನೂರಕ್ಕೆ ಸುಮಾರು 81. ಅವರು ಅದಕ್ಕೆ ವ್ಯಯಿಸುವ ಕಾಲ ದಿನಕ್ಕೆ 299 ನಿಮಿಷ. ಗಂಡಸರಲ್ಲಿ ತೊಡಗುವವರೇ ನೂರಕ್ಕೆ ಸುಮಾರು 26. ಅವರ ಕಾಲ 97 ನಿಮಿಷ. "ಮನೆಯಲ್ಲೇ ಮಾಡಿರಿ" ಎಂಬ ನನ್ನ ಬೋಧನೆ ಆ 299ಕ್ಕೆ ಇನ್ನಷ್ಟು ಸೇರಿಸುತ್ತಿತ್ತೇ ಹೊರತು 97ನ್ನು ಮುಟ್ಟುತ್ತಿರಲಿಲ್ಲ.

ಮಾರ್ತಾ ಮತ್ತು ಮರಿಯಳ ಪ್ರಸಂಗವನ್ನು ನೆನೆಯದೆ ಇಲ್ಲಿ ಮುಂದೆ ಹೋಗಲಾರೆ. ಅತಿಥಿಸತ್ಕಾರದ ಗಡಿಬಿಡಿಯಲ್ಲಿದ್ದ ಮಾರ್ತಳು, ತಂಗಿ ನೆರವಿಗೆ ಬರುತ್ತಿಲ್ಲವೆಂದು ದೂರಿದಳು. ಪ್ರಭುವು ಮರಿಯಳ ಆಯ್ಕೆಯನ್ನು ಮೆಚ್ಚಿದರು. ಇದನ್ನು ವಿವರಿಸುವಾಗಲೆಲ್ಲ ನಾನು ಮಾರ್ತಳಿಗೆ ಬುದ್ಧಿ ಹೇಳಿದ್ದೇನೆ. ಆ ಮನೆಯಲ್ಲಿ ಕುಳಿತಿದ್ದ ಉಳಿದವರಿಗೆ ಒಂದು ಮಾತೂ ಹೇಳಿದವನಲ್ಲ. ಊಟದ ನಂತರ ಪಾತ್ರೆಗಳನ್ನು ತೊಳೆದವರು ಯಾರೆಂದು ಸಂತ ಲೂಕನು ಬರೆದಿಲ್ಲ. ಮಾರ್ತಳಿಗೂ ಕುಳಿತುಕೊಳ್ಳುವ ಆಸೆಯಿತ್ತು ಎಂಬುದನ್ನು ಅವಳ ದೂರಿನಲ್ಲೇ ಕೇಳಬಹುದಿತ್ತು, ನಾನು ಕೇಳಿಸಿಕೊಳ್ಳಲಿಲ್ಲ.

ಹಾಗಾದರೆ ಎಲ್ಲವನ್ನೂ ಅಂಗಡಿಯಿಂದಲೇ ತರಬೇಕೆ? ಅಂಗಡಿಯ ಪೊಟ್ಟಣಗಳೆಲ್ಲ ಒಂದೇ ಅಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ನಮ್ಮ ರಾಜ್ಯದಲ್ಲಿ 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದ ಮೇಲೆ ಎಷ್ಟೋ ಊರುಗಳಲ್ಲಿ ಹೆಂಗಸರ ಸಂಘಗಳು ಹಪ್ಪಳ, ಚಟ್ನಿಪುಡಿ, ರೊಟ್ಟಿ ಮಾಡಿ ಮಾರುತ್ತಿವೆ. ತಾಯಿಯ ಕೈಯಿಂದ ಪುಕ್ಕಟೆ ಪಡೆದು ಹೊಗಳುವುದಕ್ಕಿಂತ, ಇನ್ನೊಬ್ಬ ತಾಯಿಗೆ ಬೆಲೆ ಕೊಟ್ಟು ತರುವುದು ಕಡಿಮೆಯ ಧರ್ಮವೇನಲ್ಲ. ಆದರೂ ಮನೆಯಲ್ಲಿ ಕೂಡಿ ಮಾಡುವುದರಲ್ಲಿ ಕೊಂಡು ತರಲಾಗದ ಒಂದು ಸುಖವಿದೆ. ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಆ ಸುಖದ ಸ್ವರೂಪವನ್ನು ಹೇಳಲು ಕನ್ನಡದ 'ಬಿಡುವು' ಎಂಬ ಪದವೇ ಸಾಕು. ಅದು 'ಬಿಡು' ಎಂಬ ಕ್ರಿಯೆಯಿಂದ ಬಂದದ್ದು. ಬೇಕೆಂದಾಗ ಬಿಟ್ಟು ಏಳಬಹುದಾದ ಕೆಲಸ ಹವ್ಯಾಸ. ಬಿಟ್ಟರೆ ಮನೆ ನಡೆಯದು ಎನ್ನುವಂತಿದ್ದರೆ ಅದು ದುಡಿಮೆ. ಸಂಡಿಗೆ ನನಗೆ ಆಟವಾಗಿತ್ತು, ಏಕೆಂದರೆ ಬೇಸರವಾದೊಡನೆ ಹುಣಸೇಮರದ ಕಡೆಗೆ ಓಡಬಹುದಿತ್ತು. ಅಮ್ಮ ಎಲ್ಲಿಗೆ ಓಡಬೇಕಿತ್ತು? ಅಡುಗೆಮನೆಯಲ್ಲಿ ಒಬ್ಬರೇ ಇದ್ದರೆ ಆ ಸ್ವಾತಂತ್ರ್ಯವಿಲ್ಲ. ಇನ್ನಿಬ್ಬರು ಜೊತೆಗಿದ್ದು, "ನೀನು ಏಳು, ನಾನು ತಿರುವುತ್ತೇನೆ" ಎಂದರೆ ಅದೇ ಕೆಲಸ ಹಗುರವಾಗುತ್ತದೆ.

ಮಕ್ಕಳ ಕೈಯಲ್ಲೇ ಆಗುವ ತಿನಿಸುಗಳು ನಮ್ಮಲ್ಲಿ ಬೇಕಾದಷ್ಟಿವೆ. ಹೊಸ ಹುಣಸೆಹಣ್ಣು, ಬೆಲ್ಲ, ಉಪ್ಪು, ಜೀರಿಗೆ, ಒಂದೆರಡು ಒಣಮೆಣಸಿನಕಾಯಿ ಕುಟ್ಟಿ ಉಂಡೆ ಮಾಡಿ ಕಡ್ಡಿಗೆ ಸಿಕ್ಕಿಸಿದರೆ ಹುಣಸೆ ಚಿಗಳಿ; ಒಲೆ ಹಚ್ಚುವ ಗೊಡವೆಯೇ ಇಲ್ಲ. ರಾಗಿ ಹುರಿಹಿಟ್ಟಿಗೆ ಬೆಲ್ಲ, ಕಾಯಿತುರಿ ಬೆರೆಸಿ ಉಂಡೆ ಕಟ್ಟಲು ಎಂಟು ವರ್ಷದ ಹುಡುಗನಿಗೂ ಬರುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದೆ ಎಂಬುದು ಅವನಿಗೆ ತಿಳಿಯದಿದ್ದರೂ ನಷ್ಟವಿಲ್ಲ. ನಾನು ಕೆಲಕಾಲ ಹೊಳೆನರಸೀಪುರದಲ್ಲಿದ್ದಾಗ, ಶ್ರೀರಾಮನವಮಿಯಂದು ಪಕ್ಕದ ಮನೆಯ ಹುಡುಗ ಹಿತ್ತಾಳೆ ಚೊಂಬಿನಲ್ಲಿ ಬೆಲ್ಲದ ಪಾನಕ ತಂದುಕೊಡುತ್ತಿದ್ದ. ಶುಂಠಿ, ಏಲಕ್ಕಿ, ಮೆಣಸನ್ನು ಕುಟ್ಟಿದವನು ತಾನೇ ಎಂದು ಹೇಳದೆ ಎಂದೂ ಹಿಂದಿರುಗಿದವನಲ್ಲ. ಕೆಲವು ವರ್ಷ ಮೆಣಸು ಗಂಟಲು ಸುಡುವಷ್ಟಿರುತ್ತಿತ್ತು.

ಹವ್ಯಾಸಗಳ ವಿಷಯವೂ ಹೀಗೆಯೇ. ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟದ ಮಕ್ಕಳು ಗರಿಯಿಂದ ಪೀಪಿ, ಕೈಗಡಿಯಾರ, ಕನ್ನಡಕ, ಗಿರಗಟ್ಟೆ ಮಾಡುವುದನ್ನು ನೋಡಿದ್ದೇನೆ. ಸಂಜೆಗೆ ಅವು ಬಾಡುತ್ತವೆ, ಯಾರೂ ಅಳುವುದಿಲ್ಲ. ಅದಕ್ಕೆ ಪ್ರಮಾಣಪತ್ರವೂ ಇಲ್ಲ, ಬಹುಮಾನವೂ ಇಲ್ಲ. ನಾವು ದೊಡ್ಡವರು ಮಾತ್ರ, "ಇದರಿಂದ ಏನು ಪ್ರಯೋಜನ?" ಎಂದು ಕೇಳುತ್ತೇವೆ. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದ ರುದ್ರಪಟ್ಟಣ ಸಂಗೀತಗಾರರ ಊರೆಂದು ಹೆಸರಾಗಿದೆ. 1920ರಲ್ಲಿ ಅಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ಅವರಿಗೆ ಮೊದಲ ಪಾಠ ದೊರೆತದ್ದು ತಂದೆಯಿಂದಲೇ, ಮನೆಯಲ್ಲೇ. 2011ರಲ್ಲಿ ಅವರಿಗೆ ಪದ್ಮಭೂಷಣ ಬಂದಿತು. ಆದರೆ ಅಂತಹ ಊರಿನಲ್ಲಿ ಪದ್ಮಭೂಷಣ ಬಾರದೆಯೂ ಜಗಲಿಯ ಮೇಲೆ ಹಾಡಿಕೊಂಡವರು ಎಷ್ಟು ಮಂದಿಯಿದ್ದಿರಬೇಕು! ಅವರ ಹಾಡು ವ್ಯರ್ಥವಾಯಿತೆಂದು ನನಗೆ ಅನ್ನಿಸುವುದಿಲ್ಲ.

ಸಂತ ತೋಮಾಸ್ ಅಕ್ವಿನಾಸರು ಆಟವನ್ನೂ ಸದ್ಗುಣದ ಲೆಕ್ಕಕ್ಕೆ ಸೇರಿಸಿದವರು. ಅವರು ಒಂದು ಹಳೆಯ ಕಥೆಯನ್ನು ನೆನೆಯುತ್ತಾರೆ. ಶಿಷ್ಯರೊಡನೆ ಆಟವಾಡುತ್ತಿದ್ದ ಸಂತ ಯೊವಾನ್ನರನ್ನು ಕಂಡು ಕೆಲವರು ಮುಖ ಸಿಂಡರಿಸಿದರಂತೆ. ಯೊವಾನ್ನರು ಬಿಲ್ಲು ಹಿಡಿದಿದ್ದ ಒಬ್ಬನಿಗೆ ಬಾಣಗಳನ್ನು ಬಿಡಲು ಹೇಳಿ, ಹೀಗೆಯೇ ಬಿಡುತ್ತಲೇ ಇರಬಲ್ಲೆಯಾ ಎಂದು ಕೇಳಿದರು. ಹಾಗೆ ಮಾಡಿದರೆ ಬಿಲ್ಲು ಮುರಿಯುತ್ತದೆ ಎಂದನವನು. ಮನಸ್ಸೂ ಹಾಗೆಯೇ ಎಂದರು ಯೊವಾನ್ನರು. ಮನೆಯಲ್ಲಿ ಎಷ್ಟು ಬಿಲ್ಲುಗಳಿವೆ, ಅವುಗಳಲ್ಲಿ ಹೆದೆ ಇಳಿಸದೇ ಇರುವುದು ಯಾವುದು ಎಂದು ಎಣಿಸಿ ನೋಡುವ ಕೆಲಸವನ್ನು ಕಥೆ ನಮಗೆ ಬಿಟ್ಟಿದೆ.

ಈಸ್ಟರ್ ಮುಗಿದ ಮೇಲೆ ಒಂದು ಬೆಳಿಗ್ಗೆ, ರೋಗಿಯೊಬ್ಬರಿಗೆ ಪರಮಪ್ರಸಾದ ಕೊಟ್ಟು ಹಿಂದಿರುಗುವಾಗ, ಆ ಗಾರ್ಮೆಂಟ್ಸ್ ತಾಯಿಯ ಮನೆಗೆ ಹೋಗಿದ್ದೆ. ಮಾಳಿಗೆಯ ಮೇಲೆ ಅವರ ಯಜಮಾನರು ಪಂಚೆ ಮಡಿಸಿ ಕಟ್ಟಿಕೊಂಡು ಸಂಡಿಗೆ ಹಾಕುತ್ತಿದ್ದರು. ದೊಡ್ಡ ಮಗ ಪಾತ್ರೆ ಹಿಡಿದಿದ್ದ. ಒಂದು ಸಂಡಿಗೆಯಂತೆ ಇನ್ನೊಂದಿರಲಿಲ್ಲ. ತಾಯಿ ನೀರಿನ ತೊಟ್ಟಿಯ ನೆರಳಲ್ಲಿ ಕಾಫಿ ಲೋಟ ಹಿಡಿದು ಕುಳಿತಿದ್ದರು. ಎರಡು ಬಾರಿ ಏಳಲು ಹೋಗಿ, ಮತ್ತೆ ಕುಳಿತರು.

ಜೂನ್‌ನಲ್ಲಿ ಮಳೆ ಹಿಡಿದಾಗ ಅವರ ಮಗಳು ಒಂದು ಡಬ್ಬಿ ಸಂಡಿಗೆ ತಂದುಕೊಟ್ಟಳು. ಕರಿಸಿ ಬಾಯಿಗಿಟ್ಟರೆ ಉಪ್ಪೋ ಉಪ್ಪು. ಒಂದನ್ನೂ ಉಳಿಸದೆ ತಿಂದೆ.