ಚಂದ್ರನ ಮಣ್ಣಿನ ತವರು

ವಸ್ತುವಿಗೆ ಊರು ಯಾವುದು? ಹುಟ್ಟಿದ ಎಡೆಯೋ, ಬಿದ್ದಿರುವ ಎಡೆಯೋ? ನಾನಾ ಸೀಮೆಗಳವರು ನೆಲೆಸಿರುವ ಪದ್ಮನಾಭನಗರದಂತಹ ಬಡಾವಣೆಗಳಲ್ಲಿ ಈ ಪ್ರಶ್ನೆಯು ಒಮ್ಮೊಮ್ಮೆ ಕಹಿಯಾಗಿಯೇ ಏಳುವುದುಂಟು. ಚಂದ್ರನಲ್ಲಿಯೂ ಅದು ಎದ್ದಿತು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಅಲ್ಲಿಯ ದಕ್ಷಿಣ ಭಾಗದಲ್ಲಿ ಇಳಿದ ಮೇಲೆ, ಬೆಂಗಳೂರಿನಿಂದ ನಡೆಸಲ್ಪಟ್ಟ 'ಪ್ರಜ್ಞಾನ' ಬಂಡಿಯು 23 ಎಡೆಗಳಲ್ಲಿ ಮಣ್ಣನ್ನು ಪರೀಕ್ಷಿಸಿತು. ಬಹುಪಾಲು ಆದಿಕಾಲದ ಹೊರಚಿಪ್ಪಿನದು. ಮೆಗ್ನೀಷಿಯಂ ಮಾತ್ರ ನಿರೀಕ್ಷೆಗಿಂತ ಹೆಚ್ಚು. ಸುಮಾರು 350 ಕಿಲೋಮೀಟರು ದೂರದ ಮಹಾಕುಳಿಯನ್ನು ತೋಡಿದ ಆಘಾತವು ಆಳದ ಶಿಲೆಯನ್ನು ಕಿತ್ತು ಇತ್ತ ಎರಚಿರಬೇಕೆಂದು ವಿಜ್ಞಾನಿಗಳ ಊಹೆ. ಇಂತಹ ಹೊಡೆತದಲ್ಲಿ ಮೇಲ್ಪದರವು ದೂರ ಹಾರುವುದು, ಆಳದ್ದು ಅಂಚಿನ ಬಳಿ ಬೀಳುವುದು. ಕಲ್ಲಿಗೆ ಇಚ್ಛೆಯಿಲ್ಲ, ಮನುಷ್ಯನಿಗುಂಟೆಂದು ಆಕ್ಷೇಪಿಸಬಹುದು. ಬರಕ್ಕಂಜಿ ಊರು ತೊರೆದವನ ಮುಂದೆ ಆ ಭೇದವು ನಿಲ್ಲಲಾರದು. ಅಂದಿನಿಂದ ಸಣ್ಣ ಉಲ್ಕೆಗಳು ಬೀಳುತ್ತ ಎರಡನ್ನೂ ಕಲಸಿವೆ. ಬಂಡಿಯ ಚಕ್ರದಡಿಯ ಧೂಳಿನಲ್ಲಿ ಮೂಲದ್ದಾವುದು, ಬಂದದ್ದಾವುದು ಎಂಬ ಗೆರೆಯಿಲ್ಲ.