ಸಭಾಕಂಪವೂ ನಾದಾರ್ಪಣವೂ



ವಾದ್ಯವನ್ನು ಕೈಗೆತ್ತಿಕೊಂಡವನಿಗೆ ಇಬ್ಬರು ಶತ್ರುಗಳುಂಟು. ಒಂದು ಆಲಸ್ಯ, ಮತ್ತೊಂದು ಅಂಜಿಕೆ. ಆಲಸ್ಯವನ್ನು ಎಲ್ಲರೂ ಗುರುತಿಸಿ ಗದರಿಸುತ್ತಾರೆ. ಅಂಜಿಕೆಯಾದರೋ ವಿನಯದ ವೇಷವನ್ನು ಧರಿಸಿ ಬರುವುದರಿಂದ ಅದನ್ನು ಶತ್ರುವೆಂದು ಬಗೆಯುವವರು ವಿರಳ. “ನನಗಿನ್ನೂ ಸರಿಯಾಗಿ ಬಾರದು, ಪೂರ್ಣವಾಗಿ ಬಂದ ಮೇಲೆ ನುಡಿಸುವೆನು” ಎಂಬ ಮಾತು ಕೇಳುವುದಕ್ಕೆ ಎಷ್ಟು ಸೌಮ್ಯ! ಆದರೆ ಆ ಪೂರ್ಣತೆಯ ದಿನವು ಬಾರದೆಯೇ ಎಷ್ಟೋ ಮನೆಗಳಲ್ಲಿ ಹಾರ್ಮೋನಿಯಂ ಪೆಟ್ಟಿಗೆಯೊಳಗೂ ವೀಣೆಯು ಗವುಸಿನೊಳಗೂ ಮೂಕವಾಗಿ ಉಳಿದಿವೆ.

ಬೆಂಗಳೂರಿನ ಗೊರಗುಂಟೆಪಾಳ್ಯವನ್ನು ನೋಡಿರಿ. ತುಮಕೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಅಲ್ಲಿ ಕೂಡುತ್ತವೆ. ಉತ್ತರ ಕರ್ನಾಟಕದಿಂದ ಬಂದ ಬಸ್ಸುಗಳು ಬೆಳಗಿನ ಜಾವ ಅಲ್ಲಿ ಜನರನ್ನಿಳಿಸುತ್ತವೆ. 2014ರಿಂದ ಮೆಟ್ರೊ ರೈಲೂ ತಲೆಯ ಮೇಲೆ ಓಡುತ್ತಿದೆ. ಅಂಥ ಗದ್ದಲದ ಮಗ್ಗುಲಲ್ಲಿ ಕುಳಿತೂ ಒಂದು ಮಗುವು ತನ್ನ ಮನೆಯ ಕೋಣೆಯಲ್ಲಿ ವಚನವೊಂದನ್ನು ನಿರಾತಂಕವಾಗಿ ನುಡಿಸಬಲ್ಲದು. ಲಾರಿಗಳ ಆರ್ಭಟವು ಅದರ ಬೆರಳನ್ನು ತಡೆಯಲಾರದು. ಅದೇ ಮಗುವನ್ನು ಬಸವ ಜಯಂತಿಯ ಸಭೆಯಲ್ಲಿ, ಎಲ್ಲರೂ ನಿಶ್ಶಬ್ದರಾಗಿ ಆಲಿಸುತ್ತಿರುವಲ್ಲಿ ಕುಳ್ಳಿರಿಸಿರಿ. ಅಂಗೈ ಬೆವರುವುದು, ಬಾಯಿ ಒಣಗುವುದು, ಬೆರಳು ನಡುಗುವುದು. ಗದ್ದಲಕ್ಕೆ ಅಂಜದ ಬೆರಳು ಮೌನಕ್ಕೇಕೆ ಅಂಜಿತು?

ಏಕೆಂದರೆ, ಆ ಮೌನದಲ್ಲಿ “ನನ್ನನ್ನು ಏನೆಂದಾರು?” ಎಂಬ ಒಳಗಿನ ಸದ್ದು ಕೇಳಿಸತೊಡಗಿತು. ಅಪಾಯವೆಂದು ಮನಸ್ಸು ಬಗೆದೊಡನೆ ದೇಹದಲ್ಲಿ ಅಡ್ರಿನಲಿನ್ ಎಂಬ ರಸವು ಹೆಚ್ಚಿ, ಎದೆಬಡಿತವು ತೀವ್ರವಾಗುವುದೆಂದು ವೈದ್ಯಶಾಸ್ತ್ರವು ಹೇಳುತ್ತದೆ. ಇದು ಅಯೋಗ್ಯತೆಯ ಗುರುತಲ್ಲ. ಚೆಲ್ಲೊ ವಾದ್ಯದಲ್ಲಿ ಜಗದ್ವಿಖ್ಯಾತರಾದ ಸ್ಪೇನಿನ ಪ್ಯಾಬ್ಲೊ ಕ್ಯಾಸಲ್ಸರನ್ನೂ (1876–1973) ಈ ಅಂಜಿಕೆ ಜೀವನಪರ್ಯಂತ ಬಿಡಲಿಲ್ಲ. 1901ರಲ್ಲಿ ಅಮೆರಿಕೆಯ ಬೆಟ್ಟವೊಂದರಲ್ಲಿ ಬಂಡೆಯುರುಳಿ ಎಡಗೈ ಜಜ್ಜಿದಾಗ, ಇನ್ನು ನುಡಿಸಬೇಕಾಗಿಲ್ಲವೆಂಬ ನೆಮ್ಮದಿಯೇ ಮೊದಲು ಮೂಡಿತೆಂದು ಅವರೇ ಹೇಳಿಕೊಂಡಿದ್ದಾರೆ! ಆದರೂ ಕೈ ವಾಸಿಯಾದ ಮೇಲೆ ಅವರು ವಾದ್ಯವನ್ನು ಬಿಡಲಿಲ್ಲ. ತೊಂಬತ್ತು ದಾಟಿದ ಮೇಲೂ ನುಡಿಸಿದರು. ನಡುಕವು ನಿಂತ ಮೇಲೆ ನುಡಿಸುವೆನೆಂದು ಅವರು ಕಾದಿದ್ದರೆ ಲೋಕಕ್ಕೆ ಆ ನಾದವು ದಕ್ಕುತ್ತಿರಲಿಲ್ಲ.

ಈ ರೋಗದ ಮೂಲಕ್ಕೆ ಅಣ್ಣ ಬಸವಣ್ಣನವರು ಮದ್ದನ್ನಿತ್ತಿದ್ದಾರೆ. ತಮ್ಮ ಕಾಯವನ್ನೇ ವಾದ್ಯವಾಗಿ ಮಾಡಿಕೊಂಡು ನುಡಿಸೆಂದು ಅವರು ಕೂಡಲಸಂಗಮದೇವನನ್ನು ಬೇಡಿಕೊಂಡರು. ಇದರ ಮರ್ಮವನ್ನು ವಿಚಾರಿಸಿರಿ. ನಾವು ವಾದ್ಯವನ್ನು ನುಡಿಸುವವರೆಂದು ತಿಳಿದಿರುವ ತನಕ ಕೀರ್ತಿಯೂ ನಮ್ಮದು, ಅಪಕೀರ್ತಿಯೂ ನಮ್ಮದು, ಅಂಜಿಕೆಯೂ ನಮ್ಮದೇ. ನಾವೇ ವಾದ್ಯವೆಂದು ಅರಿತಾಗ ಹೊಗಳಿಕೆ ತೆಗಳಿಕೆಗಳನ್ನು ಹೊರುವ “ನಾನು” ಎಲ್ಲಿ ಉಳಿದೀತು? ಒಂದು ತಪ್ಪು ಸ್ವರವನ್ನೂ ಸಹಿಸಲಾರದ ಮನಸ್ಸು ಸಂಗೀತವನ್ನು ಪ್ರೀತಿಸುತ್ತಿದೆಯೆನ್ನಲಾಗದು. ಅದು ತನ್ನ ಪ್ರತಿಷ್ಠೆಯನ್ನು ಕಾಯುತ್ತಿದೆ.

ಹಾಗಾದರೆ ಹೇಗೆ ನುಡಿಸಿದರೂ ಸಲ್ಲುವುದೇ? ತಾಳಮಾನಗಳ ಲೆಕ್ಕವನ್ನರಿಯೆನೆಂದೂ ಪ್ರೀತಿ ನಡೆಸಿದಂತೆ ಹಾಡುವೆನೆಂದೂ ಬಸವಣ್ಣನವರು ನುಡಿದುದನ್ನು ಸೋಮಾರಿಯು ತನಗೆ ಸಿಕ್ಕ ರಹದಾರಿಯೆಂದು ತಿಳಿಯಬಾರದು. ಕಿನ್ನರಿ ಬೊಮ್ಮಯ್ಯನವರನ್ನು ನೆನೆಯಿರಿ. ಅಕ್ಕಸಾಲೆಯ ವೃತ್ತಿಯನ್ನು ಬಿಟ್ಟು ಕಲ್ಯಾಣಕ್ಕೆ ಬಂದ ಆ ಶರಣರು ತ್ರಿಪುರಾಂತಕೇಶ್ವರನ ಸನ್ನಿಧಿಯಲ್ಲಿ ಕಿನ್ನರಿ ನುಡಿಸುವುದನ್ನೇ ಕಾಯಕವಾಗಿಸಿಕೊಂಡರೆಂದು ಪರಂಪರೆಯು ಹೇಳುತ್ತದೆ. ಕಾಯಕವೆಂದ ಮೇಲೆ ನಿತ್ಯನೇಮವುಂಟು, ಶ್ರದ್ಧೆಯುಂಟು. ಸಾಧನೆಯ ಹೊತ್ತಿನಲ್ಲಿ ಕಟ್ಟುನಿಟ್ಟು, ಅರ್ಪಣೆಯ ಹೊತ್ತಿನಲ್ಲಿ ಬಿಡುಗಡೆ: ಇದೇ ಕ್ರಮ. ಅಡುಗೆಯ ಉಪ್ಪು ಹುಳಿಗಳನ್ನು ಒಲೆಯ ಬಳಿ ನೋಡಬೇಕು. ಪದಾರ್ಥವನ್ನು ಲಿಂಗಕ್ಕೆ ಹಿಡಿದ ಮೇಲೆ ಅದು ಪ್ರಸಾದ, ಅಲ್ಲಿ ರುಚಿಯ ಎಣಿಕೆ ಸಲ್ಲದು.

ಸಾಧಕನು ಕೆಲವು ನಿಯಮಗಳನ್ನು ಪಾಲಿಸತಕ್ಕದ್ದು. ತೊಡಕಿನ ಭಾಗವನ್ನು ವಿಳಂಬದಲ್ಲಿ, ಬೆರಳಿಗೆ ತಾನಾಗಿ ಒಗ್ಗುವವರೆಗೆ ಅಭ್ಯಸಿಸಲಿ. ದಿನಕ್ಕೊಮ್ಮೆಯಾದರೂ, ತಪ್ಪಿದರೂ ನಿಲ್ಲದೆ, ಹಿಂದಕ್ಕೆ ಮರಳದೆ, ಕೊನೆಮುಟ್ಟಿಸಿ ನುಡಿಸಲಿ; ಏಕೆಂದರೆ ಸಭೆಯಲ್ಲಿ ಬೇಕಾದುದು ತಪ್ಪದಿರುವ ಶಕ್ತಿಗಿಂತ, ತಪ್ಪಿದಾಗ ಮುಂದೆ ಸಾಗುವ ಶಕ್ತಿ. ಮೊದಲು ಮನೆಯವರ ಮುಂದೆ, ಬಳಿಕ ನೆರೆಹೊರೆಯವರ ಮುಂದೆ, ಅನಂತರ ಸಭೆಯಲ್ಲಿ ನುಡಿಸಲಿ. ಗಾನಯೋಗಿ ಪಂಚಾಕ್ಷರಿ ಗವಾಯಿಗಳು (1892–1944) ಊರೂರು ಸಂಚರಿಸುತ್ತಲೇ ಶಿಷ್ಯರಿಗೆ ಸಂಗೀತವನ್ನು ಕಲಿಸಿದರು. ದೃಷ್ಟಿಹೀನರಾದ ಅವರೂ, ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ (1914–2010) ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟೋ ಅಂಧರ, ಅನಾಥರ ಕೈಗೆ ವಾದ್ಯವನ್ನಿತ್ತರು. ಅಲ್ಲಿ ವಿದ್ಯೆಯು ಕೆಲವರ ಹೆಮ್ಮೆಗೆಂದಲ್ಲ, ದಾಸೋಹಕ್ಕೆಂದು ಬೆಳೆಯಿತು.

ಸಭೆಯಲ್ಲಿ ಕುಳಿತಾಗ ಉಸಿರನ್ನು ನಿಧಾನವಾಗಿ, ದೀರ್ಘವಾಗಿ ಹೊರಬಿಟ್ಟು ಇಷ್ಟಲಿಂಗವನ್ನು ನೆನೆಯಿರಿ. “ಈ ನಡುಕವೂ ನಿನ್ನದೇ” ಎಂದು ಅದನ್ನೂ ಅರ್ಪಿಸಿರಿ. ಇದ್ದುದನ್ನು ಇದ್ದಂತೆ ಒಪ್ಪಿಸುವವನೇ ಭಕ್ತನು. ನಡುಗುವ ಕೈಯಿಂದ ಏರಿಸಿದ ಪತ್ರೆಯನ್ನು ಶಿವನು ತಿರಸ್ಕರಿಸುವನೇ?

ತಾಯಿತಂದೆಗಳಿಗೂ ಒಂದು ಮಾತು. ಮಗುವು ನುಡಿಸಿ ಮುಗಿಸಿದೊಡನೆ ತಪ್ಪುಗಳ ಪಟ್ಟಿಯನ್ನು ಮುಂದಿಡಬೇಡಿರಿ. ನೆರೆಮನೆಯ ಮಗುವಿನೊಡನೆ ಹೋಲಿಸಬೇಡಿರಿ. ತಿದ್ದುವ ಕೆಲಸವು ಗುರುವಿನದು, ಅದಕ್ಕೆ ಮರುದಿನದ ಪಾಠವುಂಟು. ನಿಮ್ಮ ಒಂದು ಕಟುನುಡಿಯಿಂದ ಮುಚ್ಚಿದ ಪೆಟ್ಟಿಗೆಯು ಮತ್ತೆ ತೆರೆಯದೆ ಹೋದೀತು. ಮನೆಯೊಂದರಲ್ಲಿ ವಚನಗಾನವು ಒಂದು ತಲೆಮಾರಿಗೇ ನಿಂತುಹೋದೀತು.

ಪೂರ್ಣತೆಯು ಶಿವನದು, ಪ್ರಯತ್ನವೂ ಅರ್ಪಣೆಯೂ ನಮ್ಮವು. ಆದುದರಿಂದ ಗವುಸನ್ನು ತೆಗೆಯಿರಿ, ಶ್ರುತಿಗೂಡಿಸಿರಿ, ಬಂದಷ್ಟನ್ನು ಭಕ್ತಿಯಿಂದ ನುಡಿಸಿರಿ.