ನ್ಯಾಸಾಪಹಾರ ಮತ್ತು ಬರಹಗಾರನ ಧರ್ಮ

ಅಚೌರ್ಯಾಣುವ್ರತವೆಂದೊಡನೆ ಶ್ರಾವಕರ ಮನಸ್ಸು ಹಣ, ಬಂಗಾರ, ತೂಕ, ಅಳತೆಗಳ ಕಡೆಗೆ ಹರಿಯುವುದು ಸಹಜ. ಪರರ ವಾಕ್ಯವನ್ನು ಕೇಳದೆ ತೆಗೆದುಕೊಂಡರೆ ಅದೂ ಅದತ್ತಾದಾನವಾಗುವುದೇ ಎಂಬ ಪ್ರಶ್ನೆ ಏಳುವುದು ವಿರಳ. ಅಮೆರಿಕದ ಜನಪ್ರಿಯ ಇತಿಹಾಸಗ್ರಂಥವೊಂದರ ಪ್ರಕರಣ ಈ ವಿಚಾರಕ್ಕೆ ಒರೆಗಲ್ಲಾಗಬಲ್ಲುದು.

ಎರಡನೆಯ ಮಹಾಯುದ್ಧದ ಸೈನಿಕರನ್ನು ಕುರಿತು ಬರೆದು ಖ್ಯಾತರಾದ ಸ್ಟೀಫನ್ ಆಂಬ್ರೋಸ್ ಅವರ ‘ದಿ ವೈಲ್ಡ್ ಬ್ಲೂ’ 2001ರಲ್ಲಿ ಪ್ರಕಟವಾಯಿತು. ಬಿ-24 ಲಿಬರೇಟರ್ ಎಂಬ ಬಾಂಬರ್ ವಿಮಾನಗಳನ್ನು ನಡೆಸಿದ ತರುಣರ ಕಥೆ ಅದು. ಇಂತಹ ವಿಮಾನಗಳು 18,000ಕ್ಕೂ ಹೆಚ್ಚು ನಿರ್ಮಾಣವಾಗಿದ್ದವು. ಒಂದೊಂದರಲ್ಲಿ ಸುಮಾರು ಹತ್ತು ಮಂದಿ ಹಾರುತ್ತಿದ್ದರು. ಇವರೆಲ್ಲರ ಕಥೆಯನ್ನು ನಿರೀಕ್ಷಿಸಿದ ಓದುಗರಿಗೆ ಬಹುಮಟ್ಟಿಗೆ ದೊರೆತದ್ದು ಒಬ್ಬ ಚಾಲಕನ ಕಥೆ. ಇಟಲಿಯ ಚೆರಿನ್ಯೋಲಾ ನೆಲೆಯಿಂದ 35 ಕಾರ್ಯಾಚರಣೆಗಳಲ್ಲಿ ಹಾರಿ, ಮುಂದೆ 1972ರಲ್ಲಿ ಅಧ್ಯಕ್ಷ ಪದವಿಗೆ ಸ್ಪರ್ಧಿಸಿ ಸೋತ ಜಾರ್ಜ್ ಮೆಕ್‌ಗವರ್ನ್ ಆ ಚಾಲಕ.

ಇದಕ್ಕಿಂತ ದೊಡ್ಡ ನಿರಾಶೆ 2002ರ ಜನವರಿಯಲ್ಲಿ ಎದುರಾಯಿತು. ಗ್ರಂಥದ ಕೆಲವು ಭಾಗಗಳು ಥಾಮಸ್ ಚೈಲ್ಡರ್ಸ್ ಎಂಬ ಪ್ರಾಧ್ಯಾಪಕರು 1995ರಲ್ಲಿ ಪ್ರಕಟಿಸಿದ್ದ ‘ವಿಂಗ್ಸ್ ಆಫ್ ಮಾರ್ನಿಂಗ್’ ಕೃತಿಯ ವಾಕ್ಯಗಳನ್ನೇ ಹೋಲುತ್ತವೆಂಬುದು ಬಯಲಾಯಿತು. ಚೈಲ್ಡರ್ಸ್ ಬರೆದದ್ದು ತಮ್ಮ ಸೋದರಮಾವನನ್ನು ಕುರಿತು. ಆ ತರುಣ 1945ರ ಏಪ್ರಿಲ್ 21ರಂದು, ಯುರೋಪಿನಲ್ಲಿ ಯುದ್ಧ ಮುಗಿಯಲು ಮೂರು ವಾರವೂ ಉಳಿದಿಲ್ಲದಾಗ, ಜರ್ಮನಿಯ ಮೇಲೆ ವಿಮಾನ ಉರುಳಿ ಮಡಿದನು. ಮನೆಯಲ್ಲಿ ಉಳಿದ ಪತ್ರಗಳಿಂದಲೂ ಬಹುಕಾಲದ ಅನ್ವೇಷಣೆಯಿಂದಲೂ ಆ ಕೃತಿ ಮೂಡಿತ್ತು. ಆಂಬ್ರೋಸ್ ತಪ್ಪನ್ನು ಒಪ್ಪಿ ಕ್ಷಮೆ ಕೇಳಿದರು. ಅವರ ಇತರ ಗ್ರಂಥಗಳ ಮೇಲೂ ಇಂತಹ ಆಕ್ಷೇಪಗಳು ಬಂದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅವರು ನಿಧನರಾದರು.

ಅವರ ಪರವಾಗಿ ಹೇಳಬಹುದಾದ ಮಾತುಗಳು ಎರಡು. ಚೈಲ್ಡರ್ಸ್ ಅವರ ಹೆಸರು ಅಡಿಟಿಪ್ಪಣಿಗಳಲ್ಲಿ ಇದ್ದೇ ಇತ್ತು. ಇಲ್ಲದಿದ್ದುದು ಉದ್ಧರಣ ಚಿಹ್ನೆ ಮಾತ್ರ. ಇನ್ನು, ವಾಕ್ಯವನ್ನು ತೆಗೆದುಕೊಂಡರೂ ಮೂಲ ಕರ್ತೃವಿನ ಪುಸ್ತಕದಲ್ಲಿ ಅದು ಹಾಗೆಯೇ ಉಳಿಯುತ್ತದೆ, ಕಳೆದುಹೋದದ್ದೇನು?

ಇದಕ್ಕೆ ಉತ್ತರವನ್ನು ಅಚೌರ್ಯದಲ್ಲಿ ಹುಡುಕುವ ಮುನ್ನ ಸತ್ಯಾಣುವ್ರತದ ಅತಿಚಾರಗಳನ್ನು ನೋಡಬೇಕು. ಅವುಗಳಲ್ಲಿ ಒಂದು ನ್ಯಾಸಾಪಹಾರ. ಹತ್ತು ನಾಣ್ಯಗಳನ್ನು ಒತ್ತೆಯಿಟ್ಟವನು ಮರೆತು ಎಂಟನ್ನು ಕೇಳುತ್ತಾನೆ. ಇಟ್ಟುಕೊಂಡವನು ‘ಆಗಲಿ’ ಎಂದು ಎಂಟನ್ನು ಎಣಿಸಿ ಕೊಡುತ್ತಾನೆ. ಅವನ ಬಾಯಿಂದ ಸ್ಪಷ್ಟವಾದ ಸುಳ್ಳು ಹೊರಡಲಿಲ್ಲ. ಆದರೂ ಆಚಾರ್ಯರು ಇದನ್ನು ದೋಷವೆಂದರು. ಅದರಲ್ಲಿಯೂ ಸತ್ಯವ್ರತದ ದೋಷಗಳಲ್ಲಿ ಎಣಿಸಿದರು. ಎಂಟು ಸಂದುದು ನಿಜ. ಆದರೆ ಲೆಕ್ಕ ತೀರಿತೆಂಬ ಭಾವನೆಯನ್ನು ಅದು ಹುಟ್ಟಿಸಿತು.

ಚಿಹ್ನೆಯಿಲ್ಲದ ಅಡಿಟಿಪ್ಪಣಿಯೂ ಎಂಟನ್ನು ಹಿಂದಿರುಗಿಸಿ ಎರಡನ್ನು ಉಳಿಸಿಕೊಂಡಂತೆ. ವಿಷಯ ಅವರದೆಂದು ಅದು ಒಪ್ಪುತ್ತದೆ. ನುಡಿ ತನ್ನದೆಂದು ಮೌನದಿಂದ ಸಾಧಿಸುತ್ತದೆ. ಇಲ್ಲಿ ನಷ್ಟಕ್ಕೊಳಗಾದವನು ಮೂಲ ಕರ್ತೃವೊಬ್ಬನೇ ಅಲ್ಲ. ಯಾರ ದುಃಖ, ಯಾರ ಶ್ರಮ ಈ ವಾಕ್ಯವನ್ನು ನುಡಿಸುತ್ತಿದೆಯೆಂದು ತಿಳಿಯುವ ಹಕ್ಕನ್ನು ಓದುಗನೂ ಕಳೆದುಕೊಂಡನು. ಅವನ ನಿರಾಶೆಯ ಮೂಲ ಇದೇ.

ಹಾಗಾದರೆ ಆ ಗ್ರಂಥವನ್ನು ಬಿಸುಡಬೇಕೇ? ಅನೇಕಾಂತ ದೃಷ್ಟಿ ಹಾಗೆನ್ನುವುದಿಲ್ಲ. ಅಹಿಂಸಾಧರ್ಮೀಯರು ಗಮನಿಸಬೇಕಾದ ಒಂದು ಘಟನೆ ಅದರಲ್ಲಿದೆ. 1945ರಲ್ಲಿ ಆಸ್ಟ್ರಿಯದ ಮೇಲೆ ಹಾರುವಾಗ ಮೆಕ್‌ಗವರ್ನ್ ಅವರ ವಿಮಾನದಲ್ಲಿ ಸಿಲುಕಿದ್ದ ಬಾಂಬೊಂದು ಕಳಚಿ ರೈತನೊಬ್ಬನ ಮನೆಯ ಮೇಲೆ ಬಿತ್ತು. ನೆಲೆಗೆ ಮರಳಿದಾಗ ತಮಗೆ ಮಗಳು ಜನಿಸಿದ ಸುದ್ದಿ ಕಾದಿತ್ತು. ಆ ಮನೆಯ ನೆನಪು ಅವರನ್ನು ನಾಲ್ಕು ದಶಕ ಬಾಧಿಸಿತು. ಕೊನೆಗೆ ಆ ರೈತನೇ, ತನ್ನ ಮನೆಯವರಾರಿಗೂ ಅಪಾಯವಾಗಲಿಲ್ಲವೆಂದು ತಿಳಿಸಿದನು. ಉದ್ದೇಶವಿಲ್ಲದ ಹಿಂಸೆಯೂ ಕರ್ತನ ಚಿತ್ತದಲ್ಲಿ ಎಷ್ಟು ಕಾಲ ನಿಲ್ಲುವುದೆಂಬುದಕ್ಕೆ ಇದು ಸಾಕ್ಷಿ. ಬೇರೆ ಪುಟಗಳ ದೋಷದಿಂದ ಈ ಸಂಗತಿ ಸುಳ್ಳಾಗದು. ಆದರೆ ಒಂದು ಪುಟದಲ್ಲಿ ತೂಕ ತಪ್ಪಿತೆಂದು ಅರಿತ ಗ್ರಾಹಕ ಪ್ರತಿ ಪುಟವನ್ನೂ ಮರಳಿ ತೂಗುತ್ತಾನೆ. ಸತ್ಯವಾದ ಸಂಗತಿಯೂ ಸಂಶಯಕ್ಕೊಳಗಾಗುತ್ತದೆ. ನ್ಯಾಸಾಪಹಾರದ ಫಲ ಇದು.

ಜೈನ ಶಾಸ್ತ್ರಪರಂಪರೆಯಲ್ಲಿ ಇದಕ್ಕೆ ಪ್ರತಿಯಾದ ಉಜ್ಜ್ವಲ ನಿದರ್ಶನವಿದೆ. ವೀರಸೇನಾಚಾರ್ಯರು ಆರಂಭಿಸಿದ ಜಯಧವಲಾ ಟೀಕೆಯನ್ನು ಶಿಷ್ಯರಾದ ಜಿನಸೇನಾಚಾರ್ಯರು ಕ್ರಿ.ಶ. 837ರಲ್ಲಿ ಪೂರ್ಣಗೊಳಿಸಿದರು. ಗುರುಗಳದು 20,000 ಶ್ಲೋಕಪ್ರಮಾಣ, ಶಿಷ್ಯರದು 40,000 ಎಂಬ ಲೆಕ್ಕ ಇಂದಿಗೂ ತಿಳಿದಿದೆ. ಶಿಷ್ಯರ ಪಾಲು ಇಮ್ಮಡಿಯಾದರೂ ಗುರುಗಳ ಪಾಲು ಅದರಲ್ಲಿ ಕರಗಿಹೋಗಲಿಲ್ಲ.

ಬಸದಿಗಳ ಟ್ರಸ್ಟುಗಳು ಪಂಚಕಲ್ಯಾಣದ ಸ್ಮರಣ ಸಂಚಿಕೆಗಳನ್ನೂ ಕ್ಷೇತ್ರಪರಿಚಯದ ಪುಸ್ತಿಕೆಗಳನ್ನೂ ಹೊರತರುವಾಗ ಈ ಲೆಕ್ಕವನ್ನು ನೆನೆಯುವುದು ಉಚಿತ. ಹಿಂದಿನ ವಿದ್ವಾಂಸರು ಶಾಸನ ಓದಿ ಬರೆದ ಪುಟಗಳು ಹೆಸರಿಲ್ಲದೆ ಮರುಮುದ್ರಣವಾಗದಿರಲಿ. ಕಾಣಿಕೆಯ ಪ್ರತಿ ರೂಪಾಯಿಗೂ ರಸೀದಿ ಕೊಡುವ ಸಂಸ್ಥೆಗಳಿಗೆ, ಎರವಲು ತಂದ ವಾಕ್ಯದ ಪಕ್ಕದಲ್ಲಿ ಒಂದು ಹೆಸರನ್ನು ಬರೆಯುವುದು ಭಾರವಾಗಲಾರದು.